ಇಳಿಯಬಲ್ಲ ಕಾರು

ಹಳೆಯ ಕಾರು ಮಾರುವವರ ಬಾಯಿಂದ ಒಂದು ಮಾತು ತಪ್ಪದೆ ಬರುತ್ತದೆ: ‘ಊಟಿ ಘಾಟ್‌ನ ಮೂರನೇ ಗೇರಲ್ಲೇ ಹತ್ತುತ್ತೆ ಸಾರ್.’ ಮೈಸೂರಿನಲ್ಲಿ ಇದನ್ನು ಕನ್ನಡದಲ್ಲಿ ಕೇಳಿದ್ದೇನೆ, ಕೊಯಮತ್ತೂರಿನಲ್ಲಿ ತಮಿಳಿನಲ್ಲಿ ಕೇಳಿದ್ದೇನೆ. ಅದೇ ಕಾರು ಘಾಟ್ ಹೇಗೆ ಇಳಿಯಿತು ಎಂದು ತಾನಾಗಿ ಹೇಳಿದವರು ಮಾತ್ರ ಒಬ್ಬರೂ ಸಿಕ್ಕಿಲ್ಲ. ಶನಿವಾರ ಬೆಳಿಗ್ಗೆ ಗುಂಡ್ಲುಪೇಟೆ, ಬಂಡೀಪುರ ದಾಟಿ ನೀಲಗಿರಿಗೆ ಹೋಗಿ ಭಾನುವಾರ ಸಂಜೆಗೆ ಮರಳಲು, ಬರಿಯ ಖುಷಿಗಾಗಿ, ಒಂದು ಹಳೆಯ ಚುರುಕಾದ ಕಾರು ಬೇಕು ಎಂದು ಸ್ನೇಹಿತರು ಕೇಳಿದಾಗಲೆಲ್ಲ ನಾನು ಮೊದಲು ಹೇಳುವುದು ಒಂದೇ: ಅದು ಇಳಿಯುವುದನ್ನು ನೋಡಿ ಆಮೇಲೆ ಕೊಳ್ಳಿ.

ಇದರ ಹಿಂದೆ ಸರಳ ಲೆಕ್ಕವಿದೆ. ಊಟಿ, ಅಂದರೆ ಉದಕಮಂಡಲ, ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಗೂಡಲೂರಿಗೋ ಮಸಿನಗುಡಿಗೋ ಬಂದರೆ ಒಂದು ಸಾವಿರ ಮೀಟರಿಗೂ ಮಿಕ್ಕಿ ಇಳಿದಂತೆ. ಜನ, ಸಾಮಾನು ಸೇರಿ ಒಂದು ಟನ್ ತೂಗುವ ಕಾರು 1,000 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯಿಂದ ಸುಮಾರು 30 ಲೀಟರ್ ತಣ್ಣೀರನ್ನು ಕುದಿಸಬಹುದು. ಬಚ್ಚಲಿನ ಹಂಡೆ ತುಂಬ ಮರಳುವ ನೀರು ಎಂದಿಟ್ಟುಕೊಳ್ಳಿ. ಅಷ್ಟು ಶಾಖ ಎಲ್ಲಿಗಾದರೂ ಹೋಗಲೇಬೇಕು. ಗಾಳಿಯ ತಡೆ, ಟೈರಿನ ಉಜ್ಜಾಟ ಸ್ವಲ್ಪ ತಿನ್ನುತ್ತವೆ. ಕಾರು ಸಣ್ಣ ಗೇರಿನಲ್ಲಿದ್ದರೆ ಎಂಜಿನ್ ಬಹುಪಾಲು ತಿನ್ನುತ್ತದೆ. ಉಳಿದದ್ದೆಲ್ಲ ಚಕ್ರದೊಳಗಿನ ಊಟದ ತಟ್ಟೆಯಷ್ಟಗಲದ ಕಬ್ಬಿಣದ ಮೇಲೆ ಬೀಳುತ್ತದೆ.

ಆ ಕಬ್ಬಿಣ ಕಾದಾಗ ಎರಡು ಬಗೆಯ ಅನಾಹುತ ಆಗಬಹುದು, ಎರಡನ್ನೂ ಬೇರೆಬೇರೆಯಾಗಿ ಗುರುತಿಸಬೇಕು. ಮೊದಲನೆಯದರಲ್ಲಿ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ಎಷ್ಟು ಒತ್ತಿದರೂ ಕಾರು ನಿಲ್ಲುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಅದು ಪ್ಯಾಡ್ ಅಥವಾ ಶೂ ಮಿತಿಮೀರಿ ಕಾದು ಹಿಡಿತ ಕಳೆದುಕೊಂಡದ್ದು. ಎರಡನೆಯದರಲ್ಲಿ ಪೆಡಲ್ಲೇ ಮೆತ್ತಗಾಗಿ ನೆಲಕ್ಕೆ ಇಳಿಯುತ್ತದೆ. ಅದು ಬ್ರೇಕ್ ಆಯಿಲ್ ಕುದಿದದ್ದು. ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ, ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಬರುತ್ತದೆ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ದ್ರವ ಕುದಿದಾಗ ಪೈಪಿನೊಳಗೆ ಆವಿಯ ಗುಳ್ಳೆ ಹುಟ್ಟುತ್ತದೆ. ದ್ರವ ಅಮುಕಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆ ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ.

ಈ ಎರಡನೆಯದು ನನಗೇ ಆಗಿದೆ. ಇಪ್ಪತ್ತು ವರ್ಷ ದಾಟಿದ ಪೆಟ್ರೋಲ್ ಕಾರು. ಕೊಂಡು ಮೂರು ವಾರ. ಎಂಜಿನ್ ಬಿಚ್ಚಿ ನೋಡಿಸಿದ್ದೆ, ಹೊಸ ಟೈರ್ ಹಾಕಿಸಿದ್ದೆ, ಬ್ರೇಕ್ ಸಿಲಿಂಡರಿನ ಮುಚ್ಚಳ ತೆಗೆದು ಆಯಿಲ್ ಯಾವ ಬಣ್ಣಕ್ಕಿದೆ ಎಂದು ಮಾತ್ರ ನೋಡಿರಲಿಲ್ಲ. ನಡುವಟ್ಟಂ ದಾಟಿ ಗೂಡಲೂರಿನತ್ತ ಇಳಿಯುತ್ತಿದ್ದಾಗ, ಚಹಾ ತೋಟದ ನಡುವಿನ ಒಂದು ತಿರುವಿನಲ್ಲಿ ಪೆಡಲ್ ಬೆಣ್ಣೆಯಂತೆ ಒಳಗೆ ಹೋಯಿತು. ಎರಡನೇ ಗೇರಿಗೆ ಎಳೆದು, ಹ್ಯಾಂಡ್‌ಬ್ರೇಕ್ ಹಿಡಿದು, ಬೆಟ್ಟದ ಬದಿಯ ಚರಂಡಿಗೆ ಒಂದು ಚಕ್ರ ಇಳಿಸಿ ನಿಲ್ಲಿಸಿದೆ. ಪಕ್ಕದಲ್ಲಿ ಕೂತಿದ್ದ ನನ್ನ ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಅರ್ಧ ಗಂಟೆ ತಣಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು, ಏನೂ ಆಗಿರಲೇ ಇಲ್ಲ ಎಂಬಂತೆ. ಅದೇ ಇದರ ಮೋಸ: ಗ್ಯಾರೇಜಿಗೆ ಬಂದಾಗ ದೋಷ ಕಾಣುವುದಿಲ್ಲ. ಅಂದು ಹೊರಬಂದ ಆಯಿಲ್ ಕಾಫಿ ಕಷಾಯದ ಬಣ್ಣದ್ದು. ಹೊಸದು ಹಾಕಿಸಲು ತಗುಲಿದ ಖರ್ಚು ಆ ದಿನದ ಪೆಟ್ರೋಲಿಗಿಂತ ಕಡಿಮೆ.

ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎಂಬುದು ನೀಲಗಿರಿಯವರಿಗೆ ಹೊಸ ವಿಷಯವಲ್ಲ. 1899ರಲ್ಲಿ ಕೂನೂರಿಗೂ 1908ರಲ್ಲಿ ಊಟಿಗೂ ತಲುಪಿದ ಬೆಟ್ಟದ ರೈಲನ್ನು ನೋಡಿ. ಹಲ್ಲುಹಳಿಯ ಭಾಗದಲ್ಲಿ ಎಂಜಿನ್ ಯಾವಾಗಲೂ ಇಳಿಜಾರಿನ ಕೆಳತುದಿಯಲ್ಲಿರುತ್ತದೆ. ಹತ್ತುವಾಗ ಹಿಂದಿನಿಂದ ತಳ್ಳುತ್ತದೆ, ಇಳಿಯುವಾಗ ಮುಂದೆ ನಿಂತು ತಡೆಯುತ್ತದೆ. ಅದು ಸಾಲದೆಂದು ಪ್ರತಿ ಬೋಗಿಗೂ ಒಬ್ಬ ಬ್ರೇಕ್‌ಮನ್. ಅಷ್ಟು ಜನರ ಕೆಲಸ ಇಳಿಸುವುದಕ್ಕೇ. ರಸ್ತೆಯಲ್ಲೂ ಜಿಲ್ಲಾಡಳಿತದ ಎಣಿಕೆ ಹಾಗೆಯೇ ಇದೆ. ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಟ್ಟಿ ಘಾಟ್‌ನಲ್ಲಿ 36 ಹೇರ್‌ಪಿನ್ ತಿರುವುಗಳು, ಪ್ರತಿಯೊಂದಕ್ಕೂ ಸಂಖ್ಯೆಯ ಫಲಕ. ಸಾಲುಸಾಲು ಅಪಘಾತಗಳಾದ ಮೇಲೆ ಹೊರಜಿಲ್ಲೆ, ಹೊರರಾಜ್ಯದ ಪ್ರವಾಸಿ ವಾಹನಗಳು ಅಲ್ಲಿ ಹತ್ತಬಹುದು, ಇಳಿಯುವಂತಿಲ್ಲ ಎಂಬ ಕಟ್ಟು ಬಂತು. ಇಳಿಯಲು ಟಿಎನ್ 43 ಸಂಖ್ಯೆಯ ಸ್ಥಳೀಯ ವಾಹನವಾಗಿರಬೇಕು.

ಪರೀಕ್ಷೆ ಮಾಡುವ ಬಗೆ

ಮಾರುವವರು ಕಾರನ್ನು ಊಟಿಯವರೆಗೆ ಕೊಡುವುದಿಲ್ಲ, ನಿಜ. ಮೈಸೂರಿನಲ್ಲಿ ನೋಡುತ್ತಿದ್ದರೆ ಚಾಮುಂಡಿ ಬೆಟ್ಟ ಸಾಕು, ಬೆಂಗಳೂರಿನವರಿಗೆ ನಂದಿ ಬೆಟ್ಟವಿದೆ. ಕೊಯಮತ್ತೂರಿನ ಕಾರಾದರೆ ಮೆಟ್ಟುಪಾಳ್ಯದ ಆಚೆ ನಾಲ್ಕಾರು ತಿರುವು ಹತ್ತಿ ಇಳಿಯಿರಿ. ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗಲೇ ಹೋಗಿ. ‘ಬಿಸಿ ಮಾಡಿಟ್ಟಿದ್ದೀನಿ ಸಾರ್’ ಎಂದರೆ ‘ತೊಂದರೆಯಿಲ್ಲ, ನಾಳೆ ಬರ್ತೀನಿ’ ಎಂದು ಹೇಳಿ ಬನ್ನಿ. ತಣ್ಣನೆಯ ಎಂಜಿನ್ ಸ್ಟಾರ್ಟ್ ಆಗುವ ರೀತಿ, ಮೊದಲ ಅರ್ಧ ನಿಮಿಷದ ಟಪಟಪ ಸದ್ದು, ಸೈಲೆನ್ಸರಿನ ಹೊಗೆ, ಇವನ್ನು ಬಿಸಿ ಎಂಜಿನ್ ಮುಚ್ಚಿಡುತ್ತದೆ.

ಹತ್ತುವಾಗ ನೋಡಬೇಕಾದ್ದು ಕ್ಲಚ್ ಮತ್ತು ಉಷ್ಣತೆ. ಏರಿನಲ್ಲಿ ದೊಡ್ಡ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಮೇಲೆ ತಲುಪಿದ ಕೂಡಲೇ ಎಂಜಿನ್ ಆರಿಸಿ ಐದು ನಿಮಿಷ ಕಾಯಿರಿ. ನೀರು ತಿರುಗುವುದು ನಿಂತಾಗ ಒಳಗಿನ ಶಾಖ ಒಮ್ಮೆಲೇ ಮೇಲೇಳುತ್ತದೆ. ರೇಡಿಯೇಟರ್ ಬಾಯಿ, ಹೋಸ್ ಸೇರುವ ಜಾಗ, ಹೀಟರ್ ಪೈಪು, ಎಲ್ಲಿ ಸೋರುವುದಿದ್ದರೂ ಆಗಲೇ ಸೋರುತ್ತದೆ. ಮತ್ತೆ ಸ್ಟಾರ್ಟ್ ಆಗಲು ಹಟ ಹಿಡಿದರೆ ಅದನ್ನೂ ಬರೆದುಕೊಳ್ಳಿ.

ಈಗ ಇಳಿಯಿರಿ. ಎರಡನೇ ಗೇರು, ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದು. ಮಟ್ಟಸ ರಸ್ತೆಯಲ್ಲಿ ಎಷ್ಟು ಓಡಿಸಿದರೂ ಸಿಗದ ಮಾಹಿತಿ ಇಲ್ಲಿ ಸಿಗುತ್ತದೆ. ಥ್ರಾಟಲ್ ಮುಚ್ಚಿ ಎಂಜಿನ್ ವೇಗವಾಗಿ ತಿರುಗುತ್ತಿರುವಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಗಾಳಿಯ ಸೆಳೆತ ಅತಿ ಹೆಚ್ಚಾಗುತ್ತದೆ. ವಾಲ್ವ್ ಸೀಲ್ ಸವೆದಿದ್ದರೆ ಆ ಸೆಳೆತ ಎಂಜಿನ್ ಆಯಿಲನ್ನು ಒಳಗೆ ಎಳೆಯುತ್ತದೆ. ಅರ್ಧ ನಿಮಿಷ ಹೀಗೆ ಇಳಿದು ಆಕ್ಸಿಲರೇಟರನ್ನು ಒಮ್ಮೆ ಒತ್ತಿ, ಹಿಂದಿನ ಕನ್ನಡಿ ನೋಡಿ. ಒಂದು ಮುದ್ದೆ ನೀಲಿ ಹೊಗೆ ಎದ್ದರೆ ಸೀಲ್ ಅಥವಾ ಗೈಡ್ ಕೆಲಸ ಇದೆ. ಹತ್ತುವಾಗಲೂ ಬಿಡದೆ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಅದು ದೊಡ್ಡ ಕೆಲಸ. ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ, ಜೊತೆಗೆ ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಲಕ್ಷಣ. ಅಂಥ ಕಾರಿಗೆ ಟೋಕನ್ ಹಣ ಕೊಡಬೇಡಿ.

ಗೇರ್‌ಬಾಕ್ಸಿನ ಗುಟ್ಟೂ ಇಲ್ಲೇ ಬಯಲಾಗುತ್ತದೆ. ಇಳಿಜಾರಿನಲ್ಲಿ ಚಕ್ರಗಳು ಎಂಜಿನನ್ನು ತಿರುಗಿಸುತ್ತವೆ, ಹಲ್ಲುಗಳ ಮೇಲಿನ ಒತ್ತಡ ತಿರುಗುಮುರುಗಾಗುತ್ತದೆ. ಹತ್ತುವಾಗ ಸುಮ್ಮನಿದ್ದ ಗೇರು ಆಗ ಟಕ್ ಎಂದು ನ್ಯೂಟ್ರಲ್‌ಗೆ ಹಾರಿದರೆ ಒಳಗಿನ ಭಾಗ ಸವೆದಿದೆ. ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕ್ ಸಮನಾಗಿಲ್ಲ. ಕಾರು ಒಂದು ಬದಿಗೆ ಎಳೆದರೆ ಒಂದು ಚಕ್ರದ ಕ್ಯಾಲಿಪರ್ ಜಾಮ್ ಆಗಿದೆ, ಇಲ್ಲವೆ ಹೋಸ್ ಒಳಗೆ ಊದಿಕೊಂಡಿದೆ. ಕೆಳಗೆ ತಲುಪಿ ನಿಲ್ಲಿಸಿ ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಮುಂದಿನ ಎರಡು ಚಕ್ರಗಳ ಬಿಸಿ ಒಂದೇ ಸಮ ಇರಬೇಕು, ಹಿಂದಿನವು ಎರಡೂ ಒಂದೇ ಸಮ ಇರಬೇಕು. ತರಕಾರಿ ಹೊತ್ತು ಊಟಿಯಿಂದ ಮೆಟ್ಟುಪಾಳ್ಯಕ್ಕೆ ಇಳಿಯುವ ಲಾರಿಗಳ ಚಾಲಕರು ಚಹಾಕ್ಕೆ ನಿಲ್ಲಿಸಿದಾಗ ಮೊದಲು ಚಕ್ರಗಳ ಸುತ್ತ ಒಂದು ಸುತ್ತು ಹಾಕುವುದನ್ನು ಗಮನಿಸಿ. ನಾನು ಕಲಿತದ್ದು ಅವರಿಂದ.

ಅವರಿಂದಲೇ ಕಲಿತ ಇನ್ನೊಂದು ಕ್ರಮ: ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿಯಬಾರದು. ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಬಿಟ್ಟುಬಿಡಬೇಕು, ನಡುವೆ ಗಾಳಿ ಆಡಿ ತಣಿಯುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಎಂಜಿನ್ ಆರಿಸುವವರು ಇನ್ನೂ ಇದ್ದಾರೆ. ಎಂಜಿನ್ ನಿಂತರೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್‌ನಲ್ಲಿ ಎರಡು ಮೂರು ಒತ್ತಿಗಾಗುವಷ್ಟು ಸೆಳೆತ ಮಾತ್ರ ಉಳಿದಿರುತ್ತದೆ. ನಾಲ್ಕನೆಯ ತಿರುವಿಗೆ ಪೆಡಲ್ ಕಲ್ಲಾಗುತ್ತದೆ.

ಮೇಲಿನ ಗಾಳಿ

ಊಟಿಯಲ್ಲಿ ಗಾಳಿಯ ಒತ್ತಡ ಕರಾವಳಿಯ ಒತ್ತಡದ ಮುಕ್ಕಾಲಿಗಿಂತ ತುಸು ಹೆಚ್ಚು, ಅಷ್ಟೆ. ಎಂಜಿನ್ ಉಸಿರಾಡುವುದು ಅದೇ ಗಾಳಿಯನ್ನು. ಹಾಗಾಗಿ ಕೆಳಗೆ 100 ಅಶ್ವಶಕ್ತಿ ಕೊಡುವ ಎಂಜಿನ್ ಮೇಲೆ 80ರ ಆಸುಪಾಸಿಗೆ ಇಳಿಯುತ್ತದೆ. ಟರ್ಬೊ ಇರುವ ಎಂಜಿನ್ ಗಾಳಿಯನ್ನು ತಾನೇ ಒತ್ತಿ ತುಂಬಿಕೊಳ್ಳುವುದರಿಂದ ಇಷ್ಟು ಸೊರಗುವುದಿಲ್ಲ. ಇಂಧನ ಇಂಜೆಕ್ಷನ್ ಇರುವ ಕಾರು ಸೆನ್ಸರಿನ ಮೂಲಕ ಒತ್ತಡ ಅರಿತು ಪೆಟ್ರೋಲ್ ಕಡಿಮೆ ಮಾಡಿಕೊಳ್ಳುತ್ತದೆ. ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ. ತೂತಿನ ಅಳತೆ ಒಂದೇ, ಗಾಳಿ ಮಾತ್ರ ತೆಳು. ಪೆಟ್ರೋಲ್ ಜಾಸ್ತಿಯಾಗಿ ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್, ಹೊಯ್ದಾಡುವ ಐಡ್ಲಿಂಗ್. ಮೈಸೂರಿನಲ್ಲಿ ಚೆನ್ನಾಗಿ ಟ್ಯೂನ್ ಮಾಡಿದ ಪದ್ಮಿನಿ ಕಾರು ಊಟಿಯ ಚೇರಿಂಗ್ ಕ್ರಾಸ್‌ನಲ್ಲಿ ಆಫ್ ಆಗುತ್ತಿದ್ದರೆ ಕಾರು ಕೆಟ್ಟಿಲ್ಲ, ಎತ್ತರ ಏರಿದೆ. ಊಟಿಯಲ್ಲೇ ಇಡುವ ಕಾರಾದರೆ ಅಲ್ಲಿನ ಮೆಕ್ಯಾನಿಕ್ ಕೈಯಲ್ಲೇ ಸಣ್ಣ ಜೆಟ್ ಹಾಕಿಸಿ ಟ್ಯೂನ್ ಮಾಡಿಸಬೇಕು. ನೀಲಗಿರಿಯ ಬಡಗರ ಹಟ್ಟಿಗಳಿಂದ ಬಂದ ಮೆಕ್ಯಾನಿಕ್‌ಗಳಾದರೆ ಮಾತು ತೊಡಕಾಗುವುದಿಲ್ಲ, ಬಡಗ ನುಡಿ ಕನ್ನಡಕ್ಕೆ ಅಷ್ಟು ಹತ್ತಿರ.

ಹೆಚ್ಚು ಜನ ಗಮನಿಸದ ಇನ್ನೊಂದು ವಿಷಯ ರೇಡಿಯೇಟರ್ ಮುಚ್ಚಳ. ಒತ್ತಡ ಕಡಿಮೆಯಾದ್ದರಿಂದ ಊಟಿಯಲ್ಲಿ ನೀರು 92–93 ಡಿಗ್ರಿಗೇ ಕುದಿಯುತ್ತದೆ. ಬೇಳೆ ಬೇಯಲು ಅಲ್ಲಿ ಹೆಚ್ಚು ಹೊತ್ತು ಬೇಕಾಗುವುದು ಇದಕ್ಕೇ. ಕಾರಿನ ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವ ಮಟ್ಟವನ್ನು 110 ಡಿಗ್ರಿಗಿಂತ ಮೇಲಕ್ಕೆ ಒಯ್ಯುತ್ತದೆ. ಮುಚ್ಚಳದ ರಬ್ಬರ್ ಒಣಗಿ ಒತ್ತಡ ಸೋರಿದರೆ ಏನಾಗುತ್ತದೆ ನೋಡಿ: ಎಷ್ಟೋ ಕಾರುಗಳ ಫ್ಯಾನ್ ಸ್ವಿಚ್ ಕೆಲಸ ಶುರುಮಾಡುವುದೇ 90ರ ಮೇಲೆ. ಫ್ಯಾನ್ ತಿರುಗುವ ಹೊತ್ತಿಗೆ ನೀರು ಕುದಿಯಲು ಶುರುವಾಗಿರುತ್ತದೆ. ಮೈಸೂರಿನಲ್ಲಿ ವರ್ಷಗಟ್ಟಲೆ ಕಾಣದ ದೋಷ ಮೊದಲ ಘಾಟ್‌ನಲ್ಲೇ ಕಾಣುವುದು ಹೀಗೆ. ಕಾರು ಕೊಂಡ ದಿನ ಹೊಸ ಮುಚ್ಚಳ, ಹೊಸ ಥರ್ಮೋಸ್ಟಾಟ್, ಹೊಸ ಹೋಸ್‌ಗಳು. ಥರ್ಮೋಸ್ಟಾಟ್ ಕಿತ್ತುಹಾಕಿ ‘ಇನ್ನು ಹೀಟ್ ಆಗಲ್ಲ’ ಎಂದು ಕೊಟ್ಟ ಕಾರುಗಳೂ ಇವೆ, ಕೇಳಿ ನೋಡಿ. ಊಟಿಯ ಚಳಿಯಲ್ಲಿ ಅಂಥ ಎಂಜಿನ್ ಕಾಯುವುದೇ ಇಲ್ಲ.

ಯಾವ ಕಾರು?

ನಮ್ಮಲ್ಲಿ ಸ್ಪೋರ್ಟ್ಸ್ ಕಾರು ಎಂದು ಕರೆಯಬಹುದಾದ ಹಳೆಯ ಕಾರುಗಳು ಕಡಿಮೆ. ಇದ್ದುದರಲ್ಲಿ ನಮಗೆ ಹತ್ತಿರದ್ದು ಸ್ಯಾನ್ ಸ್ಟಾರ್ಮ್. ಬೆಂಗಳೂರು ಮೂಲದ ಸಂಸ್ಥೆ ಗೋವಾದಲ್ಲಿ ತಯಾರಿಸಿ 1998ರಲ್ಲಿ ತಂದ ಎರಡು ಸೀಟಿನ, ಮೇಲ್ಚಾವಣಿ ತೆಗೆಯಬಹುದಾದ ಪುಟ್ಟ ಕಾರು. ವಿನ್ಯಾಸ ಫ್ರಾನ್ಸಿನ ಲೆ ಮಾನ್ ಗ್ರೂಪಿನದು, ಎಂಜಿನ್ ರೆನೋದ 1,149 ಸಿಸಿ, 60ರ ಆಸುಪಾಸಿನ ಅಶ್ವಶಕ್ತಿ. ಫೈಬರ್ ಮೈ, ಹಗುರ. ಈ ಕಾರನ್ನು ನೋಡಿದಾಗಲೆಲ್ಲ ನನಗೆ ಹೆಮ್ಮೆಯೆನಿಸುತ್ತದೆ. ಆದರೂ ಮೊದಲ ಹಳೆಯ ಕಾರಾಗಿ ಇದನ್ನು ಕೊಳ್ಳಿ ಎನ್ನಲಾರೆ. ತಯಾರಾದದ್ದೇ ಕಡಿಮೆ, ಆ ಎಂಜಿನ್ ಇಲ್ಲಿನ ಬೇರೆ ಜನಪ್ರಿಯ ಕಾರಿನಲ್ಲಿ ಬರಲಿಲ್ಲ, ಹಾಗಾಗಿ ಬಿಡಿಭಾಗಕ್ಕಾಗಿ ಅಲೆಯಬೇಕು. ಫೈಬರ್ ತುಕ್ಕು ಹಿಡಿಯದು, ಆದರೆ ಅದರಡಿಯ ಕಬ್ಬಿಣ ಹಿಡಿಯುತ್ತದೆ. ಮೈ ಹೊಳೆಯುತ್ತಿದೆ ಎಂದು ಬಿಡದೆ ಕಾರನ್ನು ಲಿಫ್ಟ್ ಮೇಲೆ ಹತ್ತಿಸಿ ಕೆಳಗೆ ನೋಡಿ.

ಇನ್ನೂ ಹಿಂದಕ್ಕೆ ಹೋದರೆ ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟಾಂಡರ್ಡ್ ಹೆರಾಲ್ಡ್ ಇದೆ. 948 ಸಿಸಿ ಎಂಜಿನ್, ಬಾನೆಟ್ ಎತ್ತಿದರೆ ಮುಂಭಾಗವೆಲ್ಲ ಬಾಯಿ ತೆರೆದಂತೆ ಏಳುತ್ತದೆ, ಟೈರಿನ ಮೇಲೆ ಕೂತು ರಿಪೇರಿ ಮಾಡಬಹುದು. ಸುಮಾರು 25 ಅಡಿಯ ವೃತ್ತದಲ್ಲಿ ತಿರುಗಿಬಿಡುವ ಈ ಕಾರಿಗೆ ಹೇರ್‌ಪಿನ್ ಎಂದರೆ ಆಟ. ಆದರೆ ಹಿಂದಿನ ಚಕ್ರಗಳದು ಸ್ವಿಂಗ್ ಆಕ್ಸಲ್ ಜೋಡಣೆ. ಇಳಿಜಾರಿನ ತಿರುವಿನ ನಡುವೆ ಹೆದರಿ ಒಮ್ಮೆಲೇ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಎದ್ದು ಚಕ್ರಗಳು ಒಳಮುಖವಾಗಿ ಮಡಚಿಕೊಂಡು ಹಿಡಿತ ತಪ್ಪಬಹುದು. ವೇಗವನ್ನು ತಿರುವಿಗೆ ಮುಂಚೆಯೇ ಇಳಿಸಿ, ತಿರುವಿನಲ್ಲಿ ಸಮನಾಗಿ ಹೋಗುವುದು ಈ ಕಾರನ್ನು ಓಡಿಸುವ ರೀತಿ. ಹೆರಾಲ್ಡ್, ಪದ್ಮಿನಿ ಕಾಲದ ಬಹುತೇಕ ಕಾರುಗಳಿಗೆ ಡ್ರಮ್ ಬ್ರೇಕುಗಳು. ಡ್ರಮ್ ಕಾದಾಗ ಹಿಗ್ಗುತ್ತದೆ, ಶೂವಿನಿಂದ ದೂರ ಸರಿಯುತ್ತದೆ, ಶಾಖ ಒಳಗೇ ಉಳಿಯುತ್ತದೆ. ಇವನ್ನು ಇಳಿಸಲು ತಾಳ್ಮೆ ಬೇಕು.

ನನ್ನ ಸಲಹೆ ಕೇಳಿದರೆ 1993ರಿಂದ 2005ರ ನಡುವಿನ ಸಾಮಾನ್ಯ ಕಾರುಗಳಲ್ಲಿ ಚುರುಕಾದವನ್ನು ನೋಡಿ. 1993ರಲ್ಲಿ ಬಂದ ಮಾರುತಿ ಝೆನ್ 993 ಸಿಸಿ, 50 ಅಶ್ವಶಕ್ತಿ ಮಾತ್ರ. ಆದರೆ ಮೈ ಹಗುರ, ಸ್ಟೀರಿಂಗ್ ಚುರುಕು, ಮುಂದೆ ಡಿಸ್ಕ್. ಕಲ್ಲಟ್ಟಿಯಂಥ ರಸ್ತೆಯಲ್ಲಿ ಎರಡನೇ ಗೇರು ಬಿಟ್ಟು ಮೂರಕ್ಕೆ ಹೋಗುವ ಜಾಗವೇ ಕಡಿಮೆ. ಅಲ್ಲಿ ಹಗುರವಾಗಿರುವುದೇ ದೊಡ್ಡ ಶಕ್ತಿ. ಅದೇ ಮನೆಯ ಎಸ್ಟೀಮ್, ಜಿಪ್ಸಿಗಳಿಗೂ ಸಾಮಾನು ಸಿಗುತ್ತದೆ. ಹೋಂಡಾ ಸಿಟಿಯ 1.5 ವಿಟೆಕ್ 106 ಅಶ್ವಶಕ್ತಿಯದು, ಎಂಜಿನ್ ಹಾಡುವ ಹಾಗಿರುತ್ತದೆ. ಅದರಲ್ಲಿ ಟೈಮಿಂಗ್ ಬೆಲ್ಟ್ ಇದೆ, ತುಂಡಾದರೆ ವಾಲ್ವುಗಳು ಬಾಗುತ್ತವೆ. ಬದಲಿಸಿದ ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ಫಿಯೆಟ್ ಪಾಲಿಯೊ 1.6, ಫೋರ್ಡ್ ಐಕಾನ್ 1.6, ತಿರುವಳ್ಳೂರಿನಲ್ಲಿ ತಯಾರಾದ ಮಿತ್ಸುಬಿಷಿ ಲ್ಯಾನ್ಸರ್, ಟರ್ಬೊ ಎಂಜಿನ್ನಿನ 150 ಅಶ್ವಶಕ್ತಿಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಇವೆಲ್ಲ ಓಡಿಸಿದವರು ಮರೆಯದ ಕಾರುಗಳು. ಆದರೆ ದೇಶ ಬಿಟ್ಟುಹೋದ ಅಥವಾ ಮಾರಾಟ ನಿಲ್ಲಿಸಿದ ಕಂಪನಿಯ ಕಾರಿಗೆ ಎಂಜಿನ್ ಸಾಮಾನು ಹೇಗೋ ಸಿಕ್ಕೀತು, ಹೆಡ್‌ಲೈಟು, ಬಂಪರ್, ಗಾಜು, ರಬ್ಬರ್ ಬೀಡಿಂಗ್ ಸಿಗುವುದಿಲ್ಲ. ಕೊಳ್ಳುವ ಮೊದಲೇ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಸುತ್ತಿ, ಈ ನಾಲ್ಕರ ಬೆಲೆ ಕೇಳಿ. ‘ಇಲ್ಲ ಸಾರ್, ಗುಜರಿಯಲ್ಲಿ ಹುಡುಕಿ’ ಎಂಬ ಉತ್ತರ ಮೂರು ಅಂಗಡಿಯಲ್ಲಿ ಬಂದರೆ ಆ ಮಾದರಿ ಬಿಡಿ. ಕಾರಿನ ಬೆಲೆಯ ಮೂರನೇ ಒಂದು ಭಾಗವನ್ನು ಮೊದಲ ವರ್ಷದ ರಿಪೇರಿಗೆಂದು ಬೇರೆ ತೆಗೆದಿಡಿ. ಅದು ಸಾಧ್ಯವಾಗದಿದ್ದರೆ ಇನ್ನೂ ಅಗ್ಗದ ಕಾರು ನೋಡಿ.

ಎಂಜಿನ್ ಹೋದರೆ ಇನ್ನೊಂದು ಎಂಜಿನ್ ಹಾಕಬಹುದು. ತುಕ್ಕು ತಿಂದ ಮೈಗೆ ಬೇರೆ ಮೈ ಇಲ್ಲ. ಮಂಗಳೂರು, ಚೆನ್ನೈ ಕರಾವಳಿಯ ಉಪ್ಪುಗಾಳಿ, ಗೂಡಲೂರು–ದೇವಾಲದ ಬಿಡದ ಮಳೆ, ಎರಡೂ ಕಬ್ಬಿಣಕ್ಕೆ ಶತ್ರು. ಮೈಸೂರು, ಕೊಯಮತ್ತೂರು, ಹೊಸೂರಿನಂಥ ಒಣ ಊರಿನಲ್ಲಿ ಬಾಳಿದ ಕಾರು ಮೇಲು. ಮ್ಯಾಟ್ ಎತ್ತಿ ನೆಲ ನೋಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಗುಂಡಿ ನೋಡಿ, ಬಾನೆಟ್ ಒಳಗೆ ಮುಂದಿನ ಸಸ್ಪೆನ್ಷನ್ ಕೂರುವ ಗೋಪುರದಂಥ ಜಾಗ ನೋಡಿ, ಬಾಗಿಲ ಕೆಳಗಿನ ಉದ್ದದ ಪಟ್ಟಿಯನ್ನು ಬೆರಳಿಂದ ತಟ್ಟಿ ನೋಡಿ. ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತ ಜೇಬಿನಲ್ಲಿರಲಿ. ಕಬ್ಬಿಣದ ಮೈಯಲ್ಲಿ ಅದು ಅಂಟದ ಕಡೆ ಬಣ್ಣದಡಿ ಪುಟ್ಟಿ ಇದೆ. ಟೈರಿನ ಬದಿಯ ನಾಲ್ಕಂಕಿ ಓದಿ: 3219 ಎಂದರೆ 2019ರ 32ನೇ ವಾರ. ಎಳೆ ಎಷ್ಟೇ ಉಳಿದಿದ್ದರೂ ಆರು ವರ್ಷ ದಾಟಿದ ಟೈರಿನಲ್ಲಿ ಮಳೆಯ ಘಾಟ್ ಇಳಿಯಬೇಡಿ.

ಕಾಗದ

ಕಾರು ಇಷ್ಟವಾದ ಮೇಲೆ ಕಾಗದ ನೋಡುವುದು ತಡವಾಗುತ್ತದೆ, ಮನಸ್ಸು ಸೋತಿರುತ್ತದೆ. ಫೋನಿನಲ್ಲೇ ನೋಂದಣಿ ಸಂಖ್ಯೆ ಪಡೆದು ಎಂಪರಿವಾಹನ್ ಆ್ಯಪ್‌ನಲ್ಲಿ ಮೊದಲು ನೋಡಿ: ನೋಂದಣಿಯ ಅವಧಿ, ವಿಮೆ, ಸಾಲದ ಎಚ್‌ಪಿ ನಮೂದು, ದಂಡದ ಚಲನ್‌ಗಳು. ನಂತರ ಕಾರಿನ ಮುಂದೆ ನಿಂತು ಚಾಸಿ ಸಂಖ್ಯೆಯ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ, ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಎಂಜಿನ್ ಬದಲಾಗಿದ್ದರೆ ಆ ಸಂಖ್ಯೆ ಆರ್‌ಸಿಗೆ ಏರಿರಬೇಕು.

ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ಆರ್‌ಟಿಒ ತಪಾಸಣೆ ಮಾಡಿ ಐದೈದು ವರ್ಷಕ್ಕೆ ನವೀಕರಿಸುತ್ತದೆ. 2022ರ ಏಪ್ರಿಲ್‌ನಿಂದ ಈ ನವೀಕರಣದ ಶುಲ್ಕ ಕಾರಿಗೆ 5,000 ರೂಪಾಯಿ, ಆಮದು ಕಾರಿಗೆ 40,000. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವಕ್ಕೆ ಇದು 10,000 ಮತ್ತು 80,000 ಆಯಿತು. ಹಸಿರು ತೆರಿಗೆ ಬೇರೆ. ಎಫ್‌ಸಿ ಮುಗಿದ ಕಾರನ್ನು ‘ನೀವೇ ಮಾಡಿಸ್ಕೊಳ್ಳಿ ಸಾರ್, ಸುಲಭ’ ಎಂದು ಕೊಟ್ಟರೆ, ಅಷ್ಟು ಸುಲಭವಾದರೆ ಅವರೇ ಮಾಡಿಸಿಕೊಡಲಿ. ವರ್ಗಾವಣೆಗೆ ಫಾರಂ 29 ಮತ್ತು 30. ಕರ್ನಾಟಕದ ಕಾರನ್ನು ತಮಿಳುನಾಡಿಗೆ ಒಯ್ಯಲು ಫಾರಂ 28ರ ಎನ್‌ಒಸಿ. ಕೆಎ ಸಂಖ್ಯೆಯ ಕಾರನ್ನು ಊಟಿಯ ಮನೆಯಲ್ಲೇ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಅಲ್ಲಿ ಮರುನೋಂದಣಿ ಮಾಡಿಸಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ.

50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಇದೆ: ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಸಂಖ್ಯೆಯಲ್ಲಿ ‘ವಿಎ’ ಅಕ್ಷರಗಳು. ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಪ್ರತಿ ವಾರ ಘಾಟ್ ಹತ್ತಬೇಕು ಎನ್ನುವವರಿಗೆ ಸಾಮಾನ್ಯ ನೋಂದಣಿಯೇ ಸರಿ. ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರು ಅಗ್ಗಕ್ಕೆ ಬಂದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ಕೇಳಿ. ವಿಂಟೇಜ್ ಕಾರು ಬಿಟ್ಟರೆ, ಮೂರು ವರ್ಷಕ್ಕಿಂತ ಹಳೆಯ ಬಳಸಿದ ಕಾರನ್ನು ಸಾಮಾನ್ಯರು ತರಿಸಿಕೊಳ್ಳಲು ಅವಕಾಶವಿಲ್ಲದಿರುವಾಗ ಆ ಕಾರು ಇಲ್ಲಿಗೆ ಹೇಗೆ ಬಂತು ಎಂಬುದಕ್ಕೆ ಅದೊಂದೇ ಸಾಕ್ಷಿ. ಅಬ್ಬರದ ಸೈಲೆನ್ಸರ್, ಕತ್ತರಿಸಿದ ಚಾವಣಿ, ದೊಡ್ಡ ಎಂಜಿನ್ ಹಾಕಿದ ಕಾರು ಬೇಡವೇ ಬೇಡ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಅದಕ್ಕಿಂತ ಮುಖ್ಯವಾಗಿ, ಮುದುಮಲೆಯ ಆನೆಗಳ ದಾರಿಯಲ್ಲಿ ಆ ಸದ್ದು ಅನ್ಯಾಯ.

ಅದೇ ದಾರಿಯ ಇನ್ನು ಕೆಲವು ಕಟ್ಟುಗಳು ನೆನಪಿರಲಿ. ಬಂಡೀಪುರ, ಮುದುಮಲೆ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಹಳೆಯ ಕಾರು ಸಂಜೆ ಏಳಕ್ಕೆ ಊಟಿಯಲ್ಲಿ ಕೆಟ್ಟರೆ ಅಂದು ಮನೆ ಸೇರುವಂತಿಲ್ಲ. ಹೊರಡುವುದನ್ನು ಮೂರು ಗಂಟೆಗೇ ಇಟ್ಟುಕೊಳ್ಳಿ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ–ಪಾಸ್ ಬೇಕು. ಟಿಎನ್ 43 ವಾಹನಗಳಿಗೆ ಬೇಡ. ಇಕ್ಕಟ್ಟಾದ ಏರುರಸ್ತೆಯಲ್ಲಿ ಹತ್ತುವ ವಾಹನಕ್ಕೆ ದಾರಿ ಬಿಡಬೇಕಾದದ್ದು ಇಳಿಯುವವರ ಕೆಲಸ ಎಂಬುದು ನಿಯಮ. ಕೆಲವು ಪ್ರವಾಸಿಗರು ಇದನ್ನು ಮರೆತಿದ್ದಾರೆ, ನೀವು ಮರೆಯಬೇಡಿ.

ಆರು ದಿನದ ನಿದ್ದೆ

ವಾರಾಂತ್ಯದ ಕಾರು ಹೆಚ್ಚು ಕೆಡುವುದು ನಿಂತಲ್ಲೇ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ತೇವ ಹೀರುತ್ತದೆ, ಹಳೆಯ ಕಾಲದ ರಬ್ಬರ್ ಹೋಸ್, ಪಂಪಿನ ಪರದೆ, ಕಾರ್ಬುರೇಟರ್ ಗ್ಯಾಸ್ಕೆಟ್‌ಗಳನ್ನು ಮೆತ್ತಗಾಗಿಸಿ ಬಿರಿಯಿಸುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿ. ಟ್ಯಾಂಕಿನಿಂದ ಎಂಜಿನ್‌ವರೆಗಿನ ಎಲ್ಲ ರಬ್ಬರನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸುವುದು ಕೊಂಡ ತಿಂಗಳಲ್ಲೇ ಆಗಬೇಕಾದ ಕೆಲಸ. ಬ್ರೇಕ್ ಆಯಿಲ್ ಬದಲಿಸಿದ ಮರುದಿನ ಮಾಡಿಸಿ. ತಿಂಗಳುಗಟ್ಟಲೆ ಓಡಿಸದಿದ್ದರೆ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಬಿಡಬೇಡಿ.

ನೀಲಗಿರಿಯ ಮಂಜಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ತೇವ ಒಳಗೇ ಉಳಿದು ಸೀಟಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ ಬೇಕು. ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದರಿಂದ ಒಳಿತಿಗಿಂತ ಕೆಡುಕೇ ಹೆಚ್ಚು. ಸೈಲೆನ್ಸರಿನೊಳಗೆ ನೀರು ಕೂರುತ್ತದೆ, ಬ್ಯಾಟರಿ ಇಳಿಯುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯ ಮೇಲೆ ಓಡಿಸಿ. ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಮಳೆಗಾಲದಲ್ಲಿ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಮೊದಲ ಗೇರಿನಲ್ಲಿಟ್ಟು, ಎರಡು ಚಕ್ರಗಳಿಗೆ ಮರದ ಅಡ್ಡಕಟ್ಟೆ ಕೊಡಿ. ಆ ಕಟ್ಟೆಗಳನ್ನು ಡಿಕ್ಕಿಯಲ್ಲೇ ಇಟ್ಟುಕೊಂಡು ಹೋಗಿ. ಪೈಕಾರದ ಇಳಿಜಾರಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗಲೂ ಬೇಕಾಗುತ್ತವೆ.